ಸನ್ಮಾನದ ಶಾಲಿಗೆ ಅಂಟಿದ ಕೆಮ್ಮಣ್ಣು

ತನ್ನನ್ನು ತಾನು ಹೊಗಳಿಕೊಳ್ಳಬಾರದು ಎಂದು ದೊಡ್ಡವರು ಹೇಳಿದ್ದಾರೆ. ಒಪ್ಪಿದೆ. ಆದರೆ ಮೊಮ್ಮಗಳನ್ನು ಹೊಗಳಬಾರದು ಎಂದು ಯಾರೂ ಹೇಳಿದ್ದು ನನಗೆ ಗೊತ್ತಿಲ್ಲ. ಮೂರನೆಯ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು, ಆ ಪಾಠ ನಾಲ್ಕನೆಯದರಲ್ಲಿ ಇದ್ದಿರಬೇಕು. ಹೀಗಾಗಿ ದೇಶದ ರಾಜಧಾನಿಯಲ್ಲಿ, ಆರ್.ಕೆ.ಪುರಂನ ನಮ್ಮ ಸರ್ಕಾರಿ ಕ್ವಾರ್ಟರ್ಸಿನ ಸಾಲಿನಲ್ಲಿ ನನ್ನ ಮೊಮ್ಮಗಳು ಮೈತ್ರಿ ವಿಜ್ಞಾನಿ ಎಂದು ಗೊತ್ತಿಲ್ಲದ ಪ್ರಾಣಿಯೇ ಇಲ್ಲ. ತರಕಾರಿ ಗಾಡಿಯ ಭಯ್ಯಾ ಈಗ ನಾನು ಬಾಯಿ ತೆರೆಯುವುದಕ್ಕೂ ಬಿಡುವುದಿಲ್ಲ. "ಮಾಲೂಮ್ ಹೈ ಮಾತಾಜಿ, ಸೈಂಟಿಸ್ಟ್ ಹೈ. ಭಿಂಡಿ ಕಿತನಾ ದೂಂ?" ಎಂದು ಬೆಂಡೆಕಾಯಿ ತೂಗಲು ತಕ್ಕಡಿ ಎತ್ತಿಬಿಡುತ್ತಾನೆ.

ಅವಳ ಕೆಲಸ ಏನು ಎಂದು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಚಿಕ್ಕಂದಿನಲ್ಲಿ ನಮಗೆಲ್ಲ ಅಮ್ಮ ಏಳುತ್ತದಲ್ಲ, ಮೈತುಂಬ ನೀರುಗುಳ್ಳೆ, ಬೇವಿನ ಸೊಪ್ಪಿನ ಹಾಸಿಗೆ? ಗುಳ್ಳೆ ಬಾಡಿ ತಲೆಗೆ ನೀರು ಬಿದ್ದ ಮೇಲೆ ಅದು ಹೋಯಿತು ಎಂದುಕೊಳ್ಳುತ್ತೇವೆ. ಹೋಗಿರುವುದಿಲ್ಲವಂತೆ. ಅದರ ವೈರಸ್ಸು ಬೆನ್ನುಹುರಿಯ ಪಕ್ಕದ ನರಗಳಲ್ಲಿ ಅಡಗಿ ಕೂತಿರುತ್ತದಂತೆ, ನಿವೃತ್ತರಾದ ಮೇಲೂ ಕ್ವಾರ್ಟರ್ಸ್ ಖಾಲಿ ಮಾಡದ ಅಧಿಕಾರಿಯ ಹಾಗೆ. ಮುಪ್ಪಿನಲ್ಲಿ ಮೈ ಸೋತಿತೋ, ಹೊರಗೆ ಬಂದು ಸೊಂಟದ ಸುತ್ತ ಬೆಂಕಿಯಂಥ ಗುಳ್ಳೆ ಎಬ್ಬಿಸುತ್ತದೆ. ಅದೇ ಸರ್ಪಸುತ್ತು. ಹರ್ಪಿಸ್ ಎಂಬ ದೊಡ್ಡ ಮನೆತನಕ್ಕೆ ಸೇರಿದ ವೈರಸ್ಸಂತೆ ಅದು. ಮೈತ್ರಿ ಮೊದಲು ಕೆಲವು ವರ್ಷ ಆ ವೈರಸ್ಸು ತನ್ನ ನಕಲು ತೆಗೆಯುವುದನ್ನು ನಿಲ್ಲಿಸುವ ಮದ್ದು ಹುಡುಕಿದಳು. ಸಚಿವಾಲಯದಲ್ಲಿ ಗುಮಾಸ್ತನಾಗಿರುವ ನನ್ನ ಮಗ, ಅಂದರೆ ಅವಳ ಅಪ್ಪ, "ನಮ್ಮ ಸೆಕ್ಷನ್ನಿನ ಜೆರಾಕ್ಸ್ ಮೆಷಿನ್ನು ಯಾವ ಮದ್ದೂ ಇಲ್ಲದೆ ನಿಂತಿದೆ, ಅದನ್ನ ನೋಡಿ ಕಲಿಯೇ" ಎಂದ. ಈಗ ಅವಳು ಮದ್ದಿಗೇ ಒಂದು ಗುರುತು ಕಟ್ಟಿ ಮೈಯೊಳಗೆ ಬಿಡುತ್ತಾಳೆ. ಮೇಯಲು ಹೋದ ಹಸುವಿನ ಕೊರಳಿಗೆ ಗಂಟೆ ಕಟ್ಟಿದ ಹಾಗೆ. ವೈರಸ್ಸು ಎಲ್ಲಿದೆಯೋ ಅಲ್ಲಿ ಮದ್ದು ನಿಲ್ಲುತ್ತದೆ, ಯಂತ್ರದ ಚಿತ್ರದಲ್ಲಿ ಆ ಜಾಗ ಹೊಳೆಯುತ್ತದೆ.

"ಮದ್ದು ಎಲ್ಲಿವರೆಗೆ ಬಂತೇ?" ಎಂದು ನಾನು ಪ್ರತಿ ಹಬ್ಬಕ್ಕೂ ಕೇಳುತ್ತೇನೆ.

"ಇಲಿವರೆಗೆ ಬಂದಿದೆ ಅಜ್ಜಿ."

ಬರಲಿ, ಇಲಿ ಗಣಪತಿಯ ವಾಹನ.

ನನ್ನ ಹಿಗ್ಗಿಗೆ ಇನ್ನೊಂದು ಕಾರಣವಿದೆ. ಸರ್ಪಸುತ್ತು ನಮ್ಮ ಮನೆತನದ ವಿದ್ಯೆ. ಊರಿನಲ್ಲಿ ನನ್ನ ಅತ್ತೆ ಕೆಮ್ಮಣ್ಣು ಕಲಸಿ ರೋಗಿಯ ಗುಳ್ಳೆಗಳ ಮೇಲೆ ಹಾವು ಬರೆಯುತ್ತಿದ್ದರು. ಹಾವಿನ ತಲೆಗೂ ಬಾಲಕ್ಕೂ ನಡುವೆ ನಾಲ್ಕು ಬೆರಳು ಜಾಗ ಬಿಡಬೇಕು, ತಲೆ ಬಾಲ ಕೂಡಿದರೆ ಜೀವ ಹೋಯಿತು ಎಂಬ ನಂಬಿಕೆ. ಅತ್ತೆ ಕಾಲವಾದ ಮೇಲೆ ನಾನೂ ಬರೆದಿದ್ದೇನೆ. ಯಾರೂ ಸಾಯಲಿಲ್ಲ. ಇದನ್ನು ಹೇಳಿದಾಗ ಮೈತ್ರಿ, "ಅಜ್ಜಿ, ಅದು ಹೇಗೂ ಸಾಯಿಸಲ್ಲ. ಆದ್ರೆ ಗುಳ್ಳೆ ಎದ್ದ ಮೂರು ದಿನದೊಳಗೆ ಮಾತ್ರೆ ಶುರು ಮಾಡ್ಬೇಕು. ಲೇಟಾದ್ರೆ ಗುಳ್ಳೆ ಹೋದ್ಮೇಲೂ ನೋವು ತಿಂಗಳುಗಟ್ಲೆ ಉಳ್ಕೊಂಡುಬಿಡಬಹುದು. ಸಮ್ಝೀ?" ಎಂದಿದ್ದಳು. ಸಮ್ಝೀ, ಅರ್ಥವಾಯಿತು ಎಂದಿದ್ದೆ.

ಹೀಗಿರುವಾಗ ಇಲ್ಲಿನ ಕನ್ನಡ ಸಂಘದವರು ಮೈತ್ರಿಗೆ ಭಾನುವಾರ ಸನ್ಮಾನ ಇಟ್ಟುಕೊಂಡರು. ನನ್ನನ್ನೂ ವೇದಿಕೆಗೆ ಕರೆದರು. ಶುಕ್ರವಾರ ಸಂಜೆ ಸೊಸೆ ಸುಮಾ ನನ್ನ ಹೆಗಲಿಗೆ ಒಂದೊಂದೇ ರೇಷ್ಮೆ ಸೀರೆ ಇಟ್ಟು ಫೋಟೊ ತೆಗೆಯುತ್ತಿದ್ದಾಗ ಬಲ ಸೊಂಟದ ಮೇಲೆ ಕೆಂಡ ಇಟ್ಟಂತಾಯಿತು. ಬಚ್ಚಲಿಗೆ ಹೋಗಿ ನೋಡಿಕೊಂಡೆ. ಗುಳ್ಳೆ. ಸಾಲಾಗಿ. ಈ ಸಾಲನ್ನು ಓದಲು ನನಗೆ ಯಾವ ಕ್ಲಾಸೂ ಬೇಕಿರಲಿಲ್ಲ.

ಆಗ ನನ್ನ ತಲೆ ಹೇಗೆ ಓಡಿತು ನೋಡಿ. ಸರ್ಪಸುತ್ತಿನ ವಿಜ್ಞಾನಿಗೆ ಸನ್ಮಾನ, ಅವಳ ಅಜ್ಜಿಗೇ ಸರ್ಪಸುತ್ತು! ಸಂಘದ ಹೆಂಗಸರು ಬಿಡುತ್ತಾರೆಯೇ? "ಮನೆ ಮುದುಕಿಗೇ ಮದ್ದಿಲ್ಲ, ಊರಿಗೇನು ಕೊಡ್ತಾಳಂತೆ" ಎಂದು ಕೇಸರಿಬಾತಿನ ಜೊತೆ ನಂಚಿಕೊಂಡು ತಿನ್ನುತ್ತಾರೆ. ಮೊಮ್ಮಗಳ ಮಾನ ನನ್ನ ಸೊಂಟದಲ್ಲಿದೆ ಎಂದುಕೊಂಡೆ. ಶನಿವಾರ ಬೆಳಿಗ್ಗೆ ಮೆಲ್ಲಗೆ ಹೋಗಿ, ರಸ್ತೆ ಬದಿಯಲ್ಲಿ ಹೂವಿನ ಕುಂಡ ಮಾರುವ ಭಯ್ಯಾನ ಹತ್ತಿರ, ಅವನು ಕುಂಡಕ್ಕೆ ಬಳಿಯುವ ಕೆಮ್ಮಣ್ಣು ಒಂದು ಡಬ್ಬಿ ತುಂಬ ತಂದೆ. ನನಗೆ ನಾನೇ ಹಾವು ಬರೆದುಕೊಂಡೆ. ಬೆನ್ನ ಕಡೆ ಕೈ ಎಟುಕದೆ ಅದು ಹಾವಿಗಿಂತ ಎರೆಹುಳುವಿನಂತೆ ಕಂಡಿತು. ತಲೆ ಬಾಲ ಕೂಡಲಿಲ್ಲ, ಅಷ್ಟು ಸಾಕು.

ಸಭೆ ಭರ್ಜರಿಯಾಗಿ ನಡೆಯಿತು. ಬ್ಯಾನರಿನಲ್ಲಿ ಅಧ್ಯಕ್ಷರ ಮುಖ ತಟ್ಟೆಯಷ್ಟು, ಮೈತ್ರಿಯದು ವಡೆಯಷ್ಟು. ಅವಳು "ಹರ್ಪಿಸ್ ವೈರಸ್ ವಿರೋಧಿ ಔಷಧಗಳ ಸಂಶೋಧಕಿ" ಎಂದು ಬರೆದುಕೊಟ್ಟಿದ್ದಳು. ಅಧ್ಯಕ್ಷರಿಗೆ ಆ ಮೊದಲ ಶಬ್ದ ಯಾವುದೋ ಗುಪ್ತರೋಗದ್ದು, ಮರ್ಯಾದಸ್ಥರ ಸಭೆಗೆ ಸರಿಯಲ್ಲ ಅನಿಸಿ, "ಸಕಲ ರೋಗಗಳಿಗೆ ಮದ್ದು ಕಂಡುಹಿಡಿದ ನಮ್ಮ ಕುವರಿ" ಎಂದರು. ಆಮೇಲೆ ಮುಕ್ಕಾಲು ಗಂಟೆ ತಮ್ಮ ಸಕ್ಕರೆ ಕಾಯಿಲೆಯ ಬಗ್ಗೆ ಮಾತಾಡಿದರು. ಮೈತ್ರಿಗೆ ಉಳಿದದ್ದು ಐದು ನಿಮಿಷ. ಆ ಐದು ನಿಮಿಷದಲ್ಲಿ ಅವಳು ಹೇಳಿದ್ದು ಒಂದೇ: "ಮೈಮೇಲೆ ಒಂದೇ ಕಡೆ ಉರಿಯೋ ಗುಳ್ಳೆ ಎದ್ರೆ ಮೂರು ದಿನದೊಳಗೆ ಡಾಕ್ಟರ್ ಹತ್ರ ಹೋಗಿ. ದಯವಿಟ್ಟು ಮಣ್ಣು ಗಿಣ್ಣು ಹಚ್ಕೊಂಡು ಕೂತ್ಕೋಬೇಡಿ." ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನಾನು. ತಟ್ಟಿದಾಗಲೆಲ್ಲ ಸೀರೆಯೊಳಗೆ ಒಣಗಿದ ಮಣ್ಣು ಚೂರು ಚೂರಾಗಿ ಉದುರುತ್ತಿತ್ತು.

ತನಗೆ ಹೊದಿಸಿದ ಬಿಳಿ ಶಾಲನ್ನು ಮೈತ್ರಿ ತೆಗೆದು ನನಗೆ ಹೊದಿಸಿ ಕಾಲಿಗೆ ನಮಸ್ಕರಿಸಿದಳು. ಸಭೆ ಎದ್ದು ನಿಂತಿತು. ಆ ಕ್ಷಣದಲ್ಲಿ ನನಗೆ ಗುಳ್ಳೆಯೂ ಇರಲಿಲ್ಲ, ಉರಿಯೂ ಇರಲಿಲ್ಲ. ನೆಲವೇ ಇರಲಿಲ್ಲ ಅಂದರೂ ಸರಿ. ಆದರೆ ಜನರ ಬಿಸಿಗೆ ಮೈ ಬೆವರಿತ್ತು.

ಮನೆಗೆ ಬಂದು ಶಾಲು ಮಡಿಸಲು ಹೋದ ಸುಮಾ ಕಿರುಚಿದಳು. "ಅತ್ತೆ! ರಕ್ತ!"

ಮೈತ್ರಿ ಶಾಲನ್ನು ಮುಟ್ಟಿ ನೋಡಿದಳು. ಮೂಸಿದಳು. ನನ್ನ ಮುಖ ನೋಡಿದಳು. "ಅಜ್ಜಿ, ಸೊಂಟ ತೋರ್ಸು."

ತೋರಿಸಿದೆ.

"ಯಾವತ್ತಿಂದ?"

"ಇವತ್ತು ಬೆಳಿಗ್ಗೆಯಿಂದ ಕಣೇ."

ಅವಳು ಜಗಳ ಆಡಲಿಲ್ಲ. ಅಮ್ಮನ ಫೋನು ತೆಗೆದುಕೊಂಡು ಆ ವಾರದ ಫೋಟೊಗಳನ್ನು ಒಂದೊಂದಾಗಿ ಸರಿಸಿ, ಬೆರಳಿನಿಂದ ಹಿಗ್ಗಿಸಿ ನೋಡಿದಳು. ಚಿತ್ರ ನೋಡಿ ಅಡಗಿದ್ದನ್ನು ಹುಡುಕುವುದೇ ಅವಳ ಕಸುಬು ಎಂಬುದನ್ನು ಊರಿಗೆಲ್ಲ ಸಾರಿದ ನನಗೇ ಅದು ಮರೆತೇಹೋಗಿತ್ತು! "ಗುರುವಾರ ಎರಡೂ ಕೈ ದೋಸೆ ಮೇಲಿದೆ. ಶುಕ್ರವಾರ ಸಂಜೆ ಮೂರನೇ ಸೀರೆಯಿಂದ ಬಲಗೈ ಸೊಂಟದ ಮೇಲೆ. ಸ್ಟೇಜ್ ಮೇಲೂ ಅಲ್ಲೇ. ಇನ್ನೂ ಮೂರು ದಿನ ಆಗಿಲ್ಲ. ಚಲೋ ಅಜ್ಜಿ, ಚಪ್ಪಲಿ ಹಾಕ್ಕೋ."

ಆಟೋದಲ್ಲಿ ಅವಳು ನನ್ನ ಕೈ ಬಿಡಲಿಲ್ಲ. ಗುಂಡಿ ಬಂದಾಗಲೆಲ್ಲ ಆಟೋದವನ ಮೇಲೆ ರೇಗಿದಳು. ನಾನು ಕಾಪಾಡಬೇಕಾಗಿದ್ದದ್ದು ಅವಳ ಮಾನವನ್ನಲ್ಲ ಎಂದು ಆಗ ಸ್ವಲ್ಪ ಹೊಳೆಯಿತು.

ಆಸ್ಪತ್ರೆಯ ಡಾಕ್ಟರು ದಿನಕ್ಕೆ ಐದು ಸಲ ನುಂಗುವ ಮಾತ್ರೆ ಬರೆದರು. ನನ್ನ ಎದೆ ಉಬ್ಬಿತು. "ಇದು ನಿನ್ನ ಮಾತ್ರೆಯೇನೇ?"

"ಅಲ್ಲ ಅಜ್ಜಿ. ಇದು ನಾನು ಹುಟ್ಟೋಕ್ಕಿಂತ ಮುಂಚೇನೇ ಇತ್ತು. ನಂದು ಇನ್ನೂ ಇಲಿ ಹತ್ರಾನೇ ಇದೆ."

"ಹಾಗಾದ್ರೆ ಶಾಲು ಯಾತಕ್ಕೆ ಹೊದಿಸಿದ್ರು?"

"ಅದನ್ನೇ ನಾನೂ ಯೋಚಿಸ್ತಿದೀನಿ."

ಆಮೇಲೆ ಅವಳು ದಿನವೂ ಗುಳ್ಳೆಯ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆದು ಫೋಟೊ ತೆಗೆದಳು, ಎಷ್ಟು ಹರಡಿತು ಎಂದು ನೋಡಲಿಕ್ಕಂತೆ. ಗೆರೆಯನ್ನು ಸುತ್ತ ತಂದು ಕೂಡಿಸಲು ಹೊರಟಾಗ ನನಗೆ ತಡೆಯಲಾಗಲಿಲ್ಲ. "ತಲೆ ಬಾಲ ಕೂಡಿಸಬೇಡ ಕಣೇ." ಅವಳು ನಕ್ಕು, ನಾಲ್ಕು ಬೆರಳು ಜಾಗ ಬಿಟ್ಟಳು. ವಿಜ್ಞಾನಕ್ಕೆ ಇದರಿಂದ ಏನೂ ನಷ್ಟವಿಲ್ಲ ಎಂದಳು. ಗುಳ್ಳೆ ಬಾಡಿತು. ನೋವೂ ಹೋಯಿತು.

ಕಳೆದ ವಾರ ಸಂಘದ ಮಹಿಳಾ ವಿಭಾಗದವರು ಬಂದು, "ಮುದ್ದಾಂ ನೀವೇ ಮಾತಾಡಬೇಕು, ಮೂಢನಂಬಿಕೆ ಬಿಡಿ ಅಂತ" ಎಂದು ಕರೆದರು. ಒಪ್ಪಿದ್ದೇನೆ. ಶಾಲು ಕೊಡುತ್ತಾರಂತೆ. ಅವರು ಹೋದ ಮೇಲೆ ಮೈತ್ರಿ ಅಡುಗೆಮನೆಗೆ ನುಗ್ಗಿ, ರವೆ ಡಬ್ಬಿಯ ಹಿಂದಿನಿಂದ ನನ್ನ ಕೆಮ್ಮಣ್ಣಿನ ಡಬ್ಬಿ ಹೊರತೆಗೆದಳು. ತುಳಸಿ ಕುಂಡಕ್ಕೆ ಬಳಿಯಲು ಇಟ್ಟಿದ್ದು ಎಂದೆ. ನಂಬಲಿಲ್ಲ. ಮುಚ್ಚಳ ತೆರೆದು, ಮಣ್ಣು ಎಲ್ಲಿಯವರೆಗಿದೆ ಎಂದು ಒಂದು ಫೋಟೊ ತೆಗೆದುಕೊಂಡು ಹೋದಳು.

ನನಗೆ ರೋಷ ಬಂತು. ಅವತ್ತೇ ಅಷ್ಟೂ ಮಣ್ಣು ಕಲಸಿ ತುಳಸಿ ಕುಂಡಕ್ಕೆ ಎರಡು ಸಲ ಬಳಿದುಬಿಟ್ಟೆ. ಬಳಿದ ಮೇಲೆ ತಿರುಗಿ ನೋಡಿದೆ. ಡಬ್ಬಿ ಈಗ ಖಾಲಿ, ಮತ್ತೆ ಮೈಗೇ ಹಚ್ಚಿಕೊಂಡೆ ಅಂದುಕೊಳ್ಳುತ್ತಾಳೆ! ನಿಜ ಹೇಳಿದರೂ ಯಾರು ನಂಬುತ್ತಾರೆ? ನಾನೂ ವಿಜ್ಞಾನಿಯ ಅಜ್ಜಿ, ಸಾಕ್ಷಿ ಇಲ್ಲದೆ ಮಾತಾಡಬಾರದು ಎಂದು ಮಗನ ಹಳೆಯ ಫೋನಿನಲ್ಲಿ ಕುಂಡದ ಫೋಟೊ ತೆಗೆದು ಇಟ್ಟುಕೊಂಡಿದ್ದೇನೆ. ಅದರಲ್ಲಿ ತುಳಸಿಯ ಎರಡು ಎಲೆ ಚೆನ್ನಾಗಿ ಬಂದಿವೆ. ಉಳಿದದ್ದೆಲ್ಲ ನನ್ನ ಹೆಬ್ಬೆರಳು.