ಎಂಟು ಗಂಟೆಯ ಹಾಜರಿ

ನಮ್ಮ ಅತ್ತೆಗೆ ಮಿದುಳಿನ ವಿಷಯ ಏನೇನೂ ಗೊತ್ತಿಲ್ಲ. ಇದು ನನ್ನ ಆರೋಪವಲ್ಲ, ಅವರೇ ಹೆಮ್ಮೆಯಿಂದ ಹೇಳಿಕೊಳ್ಳುವ ಮಾತು. ಆದರೆ ಈ ದೇಶದ ಹನ್ನೆರಡು ಅತಿ ಚುರುಕಾದ ಮಿದುಳುಗಳು ದಿನಾ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಅವರಿಗೆ ‘ಹಾಜರ್’ ಅನ್ನಲೇಬೇಕು! ಅನ್ನದಿದ್ದರೆ ಏನಾಗುತ್ತದೆ? ಅದನ್ನು ಹೇಳುವುದಕ್ಕೇ ನಾನಿಲ್ಲಿ ಕೂತಿರುವುದು.

ಅತ್ತೆ ನನ್ನ ಅಪ್ಪನ ಅಕ್ಕ, ಶನಿವಾರಸಂತೆ ಕಡೆಯವರು. ಮೂವತ್ತು ವರ್ಷ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ರೈಟರ್ ಅಂದರೆ ಕಥೆ ಬರೆಯುವವರಲ್ಲ ಸ್ವಾಮಿ! ಬೆಳಿಗ್ಗೆ ಕೆಲಸದವರ ಹೆಸರು ಕೂಗಿ, ಹಾಜರಿ ಹಾಕಿ, ಯಾರು ಯಾವ ಕಡೆ ಹೋಗಬೇಕೆಂದು ಕಳಿಸುವವರು. ಹೆಸರು ಕೂಗಿದವರಿಗೆ ಅವತ್ತು ಕೆಲಸ, ಕೂಗದವರಿಗೆ ಇಲ್ಲ. ನಿವೃತ್ತಿಯಾಗಿ ಮಡಿಕೇರಿಯ ನಮ್ಮ ಮನೆಗೆ ಬಂದಾಗ, ಇನ್ನು ಧಾರಾವಾಹಿ ನೋಡಿಕೊಂಡು ಸುಮ್ಮನಿರುತ್ತಾರೆ ಎಂದುಕೊಂಡೆವು. ಎಂಥ ಭ್ರಮೆ!

ಅದೇ ಸಮಯಕ್ಕೆ ದೊಡ್ಡ ಊರಿನ ಟ್ರಸ್ಟೊಂದು ಮಡಿಕೇರಿಯಲ್ಲಿ ಒಂದು ಕೋಣೆಯ ಆಫೀಸು ತೆರೆಯಿತು. ಟ್ರಸ್ಟಿನ ಹಿರಿಯರೊಬ್ಬರಿಗೆ ಇಲ್ಲಿನ ಹವೆ ತುಂಬ ಇಷ್ಟವಂತೆ. ಅವರು ಇವತ್ತಿನವರೆಗೂ ಈ ಕಡೆ ತಲೆ ಹಾಕಿಲ್ಲ, ಆ ಮಾತು ಬೇರೆ. ಮಿದುಳಿನ ನರಕೋಶಗಳು ಒಂದಕ್ಕೊಂದು ಹೇಗೆ ಸುದ್ದಿ ಮುಟ್ಟಿಸುತ್ತವೆ ಎಂಬುದನ್ನು ಗಣಿತದಲ್ಲಿ ಬರೆದು, ಕಂಪ್ಯೂಟರಿನೊಳಗೆ ಕಟ್ಟಿ ನೋಡುವ ವಿಜ್ಞಾನವೊಂದಿದೆ. ಆ ದಾರಿಯಲ್ಲಿ ಈಗಷ್ಟೇ ಹೆಜ್ಜೆಯಿಟ್ಟ ಸಂಶೋಧಕರಿಗೆ ಅನುದಾನ ಕೊಡುವುದು ಟ್ರಸ್ಟಿನ ಕೆಲಸ. ಅದೂ ಎಲ್ಲರಿಗಲ್ಲ, ‘ಕಡಿಮೆ ಪ್ರಾತಿನಿಧ್ಯದ ಹಿನ್ನೆಲೆ’ಯವರಿಗೆ ಮಾತ್ರ. ಇಷ್ಟುದ್ದದ ಪದವನ್ನು ನಾನು ಅತ್ತೆಗೆ ಓದಿ ಹೇಳಿದಾಗ ಅವರು ಒಂದು ಕ್ಷಣ ಯೋಚಿಸಿದರು.

“ಅಂದ್ರೆ ಇಲ್ಲಿಗಂಟ ಯಾರೂ ಕೂಗದೆ ಇರೋ ಹೆಸ್ರು ಅಂತ ತಾನೆ? ಅಷ್ಟು ಹೇಳಕ್ಕೆ ಎರಡು ಸಾಲು ಬೇಕಾ ಇವರಿಗೆ?”

ಆ ಆಫೀಸಿನ ಮ್ಯಾನೇಜರ್ ಹುದ್ದೆಗೆ ಅರ್ಜಿ ಹಾಕಿಯೇಬಿಟ್ಟರು. ಸಂದರ್ಶನ ವಿಡಿಯೋದಲ್ಲಿ ನಡೆಯಿತು. ಟ್ರಸ್ಟಿನ ನಿರ್ದೇಶಕರು ಅನುಭವ ಕೇಳಿದರು. “ಇನ್ನೂರು ಜನ, ಐದು ಭಾಷೆ, ಆಡಿ ತಿಂಗಳ ಜಡಿಮಳೆ. ಎಲ್ಲರನ್ನೂ ಎಂಟು ಗಂಟೆಯೊಳಗೆ ಕೆಲಸಕ್ಕೆ ಬಿಟ್ಟಿದೀನಿ,” ಎಂದರು ಅತ್ತೆ.

“ಅವರಲ್ಲಿ ಪಿಎಚ್‌ಡಿ ಆದವರು ಯಾರಾದರೂ?”

“ಇಲ್ಲ ಸಾರ್. ಅದಕ್ಕೇ ಹೇಳಿದ ಮಾತು ಕೇಳೋರು.”

ಕೆಲಸ ಸಿಕ್ಕಿತು! ಬೇರೆ ಅರ್ಜಿಯೇ ಬಂದಿರಲಿಲ್ಲ ಎಂದು ನಮಗೆ ಆಮೇಲೆ ತಿಳಿಯಿತು.

ಮೊದಲ ದಿನವೇ ಅತ್ತೆ ಉದ್ದನೆಯ ಹಾಜರಿ ಪುಸ್ತಕ ಕೊಂಡುತಂದು, ಅನುದಾನ ಪಡೆದ ಹನ್ನೆರಡು ಸಂಶೋಧಕರ ಹೆಸರು ಬರೆದು, ಎಲ್ಲರನ್ನೂ ಒಂದೇ ಫೋನ್ ಕರೆಗೆ ಸೇರಿಸಿ ಕೂಗತೊಡಗಿದರು. ತೋಟದ ಈ ತುದಿಯಿಂದ ಆ ತುದಿಗೆ ಕೂಗಿ ಪಳಗಿದ ಗಂಟಲು. ಅವರಿಗೆ ಫೋನಿನ ಅಗತ್ಯವಿತ್ತೇ ಎಂಬುದೇ ನನ್ನ ಅನುಮಾನ. ಒಬ್ಬ ಬಾಯ್ತುಂಬ ಟೂತ್‌ಪೇಸ್ಟಿನ ನೊರೆ ಇಟ್ಟುಕೊಂಡೇ ‘ಹಾಜರ್’ ಅಂದ. ವಿದೇಶದ ಸಮ್ಮೇಳನಕ್ಕೆ ಹೋಗಿದ್ದವನೊಬ್ಬ “ಮೇಡಂ, ಇಲ್ಲಿ ರಾತ್ರಿ ಎರಡೂವರೆ” ಎಂದು ಗೋಗರೆದ. “ಸರಿ, ಹಾಜರಿ ಹಾಕ್ದೆ, ಮಲಕ್ಕೊ” ಎಂದರು ಅತ್ತೆ. ಹೆಸರಾದ ಮೇಲೆ ಎರಡೇ ಪ್ರಶ್ನೆ: ತಿಂಡಿ ಆಯ್ತಾ? ಕೆಲಸ ಎಲ್ಲಿಗೆ ಬಂತು?

ಎರಡನೆಯ ಪ್ರಶ್ನೆಗೆ ಒಬ್ಬಳು ಅಳುತ್ತಾ, ತಾನು ಮಾಡಿದ ಕೆಲಸಕ್ಕೆ ಪ್ರೊಫೆಸರು ತಮ್ಮ ಹೆಸರು ಹಾಕಿಕೊಂಡು ಪ್ರಕಟಿಸಲು ಹೊರಟಿದ್ದಾರೆ ಎಂದಳು. ಅತ್ತೆ ಆ ಪ್ರೊಫೆಸರಿಗೇ ಫೋನು ಹಚ್ಚಿದರು. “ಇನ್ನೊಬ್ಬರು ಕೊಯ್ದ ಹಣ್ಣನ್ನ ನಿಮ್ಮ ಚೀಲಕ್ಕೆ ತುಂಬ್ಕೊಬಾರ್ದು ಸಾರ್. ನಮ್ಮ ತೋಟದಲ್ಲಿ ಅದಕ್ಕೆ ಬೇರೆ ಹೆಸ್ರು ಅದೆ, ಹೇಳ್ಲಾ?” ಪ್ರೊಫೆಸರು ಬೇಡವೆಂದರು. ಆ ವಾರವೇ ಪ್ರಬಂಧದಲ್ಲಿ ಅವಳ ಹೆಸರು ಮೊದಲನೆಯದಾಯಿತು.

ಕೇಂದ್ರ ಕಚೇರಿ ಕೆರಳಿತು. ಹಾಜರಿ ಕೂಗುವುದು ವಿಜ್ಞಾನಿಗಳ ಘನತೆಗೆ ತಕ್ಕದ್ದಲ್ಲ, ತಕ್ಷಣ ನಿಲ್ಲಿಸಿ, ಇನ್ನು ಎಲ್ಲವೂ ಪೋರ್ಟಲಿನಲ್ಲೇ ಎಂದು ಪತ್ರ ಬಂತು. ಅತ್ತೆ ನನ್ನಿಂದ ಒಂದೇ ಸಾಲಿನ ಉತ್ತರ ಬರೆಸಿದರು: ‘ಜ್ವರ ಬಂದು ಮಲಗಿದವರನ್ನು ನಿಮ್ಮ ಪೋರ್ಟಲು ಗಂಜಿ ಕುಡಿದೆಯಾ ಅಂತ ಕೇಳುವುದಾದರೆ ನಾಳೆಯಿಂದಲೇ ನಿಲ್ಲಿಸುತ್ತೇನೆ.’ ಮರುದಿನ ಎಂಟಕ್ಕೆ ಇನ್ನೂ ಜೋರಾಗಿ ಕೂಗಿದರು!

ಹೀಗಿರುವಾಗ ಜನವರಿಯ ಒಂದು ಸೋಮವಾರ ಏಳನೆಯ ಹೆಸರಿಗೆ ಉತ್ತರ ಬರಲಿಲ್ಲ. ಮಂಗಳವಾರವೂ ಇಲ್ಲ, ಬುಧವಾರವೂ ಇಲ್ಲ. ಆ ಹುಡುಗಿ ಪಾಲಿಬೆಟ್ಟದ ಕಡೆ ಎಸ್ಟೇಟ್ ಲೈನಿನಲ್ಲಿ, ಅಂದರೆ ತೋಟದ ಕೆಲಸದವರ ಸಾಲುಮನೆಯಲ್ಲಿ, ಹುಟ್ಟಿ ಬೆಳೆದವಳು. ಸಂತೆಯ ಗದ್ದಲದಲ್ಲೂ ಯಾರೋ ನಮ್ಮ ಹೆಸರು ಕರೆದರೆ ಅದೊಂದೇ ನಮಗೆ ಹೇಗೆ ಕೇಳಿಸುತ್ತದೆ? ಮಿದುಳು ಅದನ್ನು ಹೇಗೆ ಹೆಕ್ಕಿಕೊಳ್ಳುತ್ತದೆ? ಅವಳು ಹುಡುಕುತ್ತಿದ್ದುದು ಇದನ್ನು. ಅವಳ ವರದಿ ಶುಕ್ರವಾರದೊಳಗೆ ತಲುಪದಿದ್ದರೆ ಅನುದಾನ ರದ್ದು. ಅನುದಾನ ಹೋದರೆ ಸಂಶೋಧನೆಯೂ ಅಲ್ಲಿಗೆ ಮುಗಿಯಿತು.

ಲ್ಯಾಬಿಗೆ ಫೋನು ಮಾಡಿದರೆ ಅವಳು ಊರಿಗೆ ಹೋಗಿದ್ದಾಳೆ ಎಂದರು. ಬುಧವಾರವೇ ಅತ್ತೆ ನನ್ನಿಂದ ಕಾಲೇಜಿಗೆ ರಜೆ ಹಾಕಿಸಿ, ನನ್ನನ್ನೂ ಎಳೆದುಕೊಂಡು ಹೊರಟರು. ಸಿದ್ದಾಪುರದಲ್ಲಿ ಬಸ್ಸು ಬದಲಿಸಿ, ವಿಚಾರಿಸುತ್ತಾ ತೋಟ ಹುಡುಕಿ ಒಳಗೆ ನುಗ್ಗಿದೆವು. ಕಾಫಿ ಹಣ್ಣಿನ ಪಿಕ್ಕಿಂಗ್ ಜೋರಾಗಿ ನಡೆದಿತ್ತು. ಗಿಡದ ಮರೆಯಿಂದ ಹುಡುಗಿಯ ಅಮ್ಮ ತಲೆಯೆತ್ತಿ, “ಯಾರಮ್ಮಾ ನೀವು?” ಎಂದು ಕೇಳಿದರು.

“ರೈಟರ್.”

ಪಾಪ, ಆಕೆ ಬೆಚ್ಚಿ ಚೀಲ ಕೆಳಗೆ ಹಾಕಿ ನೆಟ್ಟಗೆ ನಿಂತರು. “ನಾನು ಹಾಜರ್ ಇದ್ದೀನಮ್ಮಾ! ಏಳೂವರೆಗೇ ಬಂದೆ!”

ಆಕೆಯ ಹಿಂದೆಯೇ ಸೊಂಟಕ್ಕೆ ಚೀಲ ಕಟ್ಟಿಕೊಂಡು ನಮ್ಮ ವಿಜ್ಞಾನಿ ಹಣ್ಣು ಕೊಯ್ಯುತ್ತಿದ್ದಳು!

“ಕಂಪ್ಯೂಟರಲ್ಲಿ ಕಟ್ಟಿದ ಮಾಡೆಲ್ ಕೆಲಸ ಮಾಡ್ಲಿಲ್ಲ ಮೇಡಂ,” ಎಂದಳು ತಲೆ ತಗ್ಗಿಸಿ. “ಎಂಟು ತಿಂಗಳು ಒದ್ದಾಡಿದೆ. ಸ್ವಲ್ಪ ಗದ್ದಲ ಹಾಕಿದ ಕೂಡ್ಲೇ ಅದಕ್ಕೆ ಅದರ ಹೆಸರೇ ಕೇಳಿಸಲ್ಲ. ಟ್ರಸ್ಟಿಗೆ ಏನಂತ ಬರೀಲಿ? ನಮ್ಮಂಥೋರಿಗೆ ಕೊಟ್ಟಿದ್ದೇ ತಪ್ಪಾಯ್ತು ಅಂತಾರೆ.”

ಅತ್ತೆ ಅಲ್ಲಿಯ ರೈಟರನ್ನು ಕರೆದು, ಅವರ ಹಾಜರಿ ಪುಸ್ತಕ ಕಸಿದುಕೊಂಡು, ಮೇಲಿಂದ ಕೆಳಗೆ ಬೆರಳಾಡಿಸಿದರು. “ನೋಡವ್ವ. ಇದ್ರಲ್ಲಿ ನಿನ್ನ ಹೆಸ್ರಿಲ್ಲ. ನಂದ್ರಲ್ಲಿ ಅದೆ. ಚೀಲ ಬಿಚ್ಚು, ನಡಿ.”

ಹುಡುಗಿ ಅತ್ತಳು. ಅವಳಮ್ಮನೂ ಅತ್ತರು. ನಾನು ಕರ್ಚೀಫು ತೆಗೆಯುವಷ್ಟರಲ್ಲಿ ಅತ್ತೆ ಆ ರೈಟರಿಗೆ, “ಇದೇನ್ರೀ ಅಕ್ಷರ, ಇರುವೆ ಸತ್ತು ಬಿದ್ದಂಗೆ?” ಎಂದು ಬೈಯುತ್ತಿದ್ದರು.

ಗುರುವಾರ ಹುಡುಗಿ ನಮ್ಮ ಮನೆಯಲ್ಲೇ ಕೂತು, ಯಾವುದು ಕೆಲಸ ಮಾಡಲಿಲ್ಲ, ಯಾಕೆ ಮಾಡಲಿಲ್ಲ ಎಂದು ಮುಚ್ಚುಮರೆಯಿಲ್ಲದೆ ವರದಿ ಬರೆದಳು. ಶುಕ್ರವಾರ ಅನುದಾನ ಸಮಿತಿಯ ಸಭೆ ವಿಡಿಯೋದಲ್ಲಿ ಸೇರಿತು. ಹುಡುಗಿ ಅತ್ತೆಯ ಪಕ್ಕದಲ್ಲೇ ಉಗುರು ಕಚ್ಚುತ್ತಾ ಕೂತಿದ್ದಳು. ನಿರ್ದೇಶಕರು ವರದಿ ನೋಡಿ, “ಫಲಿತಾಂಶವೇ ಇಲ್ಲವಲ್ಲ! ಇದಕ್ಕೆ ಅನುದಾನ ಮುಂದುವರಿಸುವುದು ಹೇಗೆ?” ಎಂದರು.

“ಸಾರ್, ನಮ್ಮ ತೋಟದಲ್ಲಿ ಆನೆ ಕಾಯೋರು ಇದ್ರು,” ಎಂದರು ಅತ್ತೆ. “ಬೆಳಿಗ್ಗೆ ಬಂದು ‘ಈ ದಾರಿಲಿ ಆನೆ ಬರಲಿಲ್ಲ’ ಅನ್ನೋರು. ನಾನು ಪೂರ್ತಿ ಹಾಜರಿ ಹಾಕ್ತಿದ್ದೆ. ಆನೆ ಬರಲಿಲ್ಲ ಅನ್ನೋದೂ ಸುದ್ದಿನೇ ಅಲ್ವಾ? ಬರದೆ ಇದ್ದ ಆನೇನ ಬಂತು ಅಂತ ಬರ್ಕೊಟ್ಟಿದ್ರೆ ನಿಮಗೆ ಸಂತೋಷ ಆಗೋದಾ? ಈ ಹುಡುಗಿ ನಿಜ ಬರ್ದವಳೆ. ಅವಳ ಹೆಸ್ರು ಹೊಡೆಯೋದಾದ್ರೆ ಮೊದಲು ನನ್ನ ಹೆಸ್ರು ಹೊಡೀರಿ!”

ಪರದೆಯ ಮೂಲೆಯಲ್ಲಿದ್ದ ವಯಸ್ಸಾದ ವಿಜ್ಞಾನಿಯೊಬ್ಬರು ಜೋರಾಗಿ ನಕ್ಕರು. “ನನ್ನ ಅರ್ಧ ಆಯಸ್ಸು ಆನೆ ಬರದ ದಾರಿಯಲ್ಲೇ ಹೋಯಿತು. ಮುಂದುವರಿಸಿ,” ಎಂದರು. ಅನುದಾನ ಉಳಿಯಿತು!

ನಿರ್ದೇಶಕರಿಗೆ ಸೋತ ಸಿಟ್ಟು. “ಎಲ್ಲರ ಹಾಜರಿ ತೆಗೆಯುತ್ತೀರಲ್ಲ ಮೇಡಂ, ನಿಮ್ಮ ಹಾಜರಿ ಯಾರು ತೆಗೆಯುತ್ತಾರೆ?” ಎಂದು ಕೇಳಿ ಪರದೆಯಿಂದ ಹೋದರು.

ಅತ್ತೆ ಹಾಜರಿ ಪುಸ್ತಕ ಬಿಡಿಸಿ, ಹನ್ನೆರಡನೆಯ ಹೆಸರಿನ ಕೆಳಗಿನ ಖಾಲಿ ಗೆರೆಯ ಮೇಲೆ ಬೆರಳಿಟ್ಟರು. ಆಗ ನನಗೂ ಹೊಳೆಯಿತು. ತೋಟದಲ್ಲಿ ಅವರು ರೈಟ್ರಮ್ಮ, ಆಫೀಸಿನಲ್ಲಿ ಮೇಡಂ, ಮನೆಯಲ್ಲಿ ಅತ್ತೆ. ಅಪ್ಪ ಇದ್ದಾಗ ಅಕ್ಕ. ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ನನಗೆ ನಾಚಿಕೆಯಾಯಿತು.

ಶನಿವಾರ ಬೆಳಿಗ್ಗೆ ಎಂಟಕ್ಕೆ ಎಂದಿನಂತೆ ಹಾಜರಿ. ಹುಡುಗಿ ಲ್ಯಾಬಿಗೆ ವಾಪಸು ಹೊರಟು ಬಸ್ಸಿನಲ್ಲಿದ್ದಳು; ಏಳನೆಯ ಹೆಸರಿಗೆ ಹಾರ್ನಿನ ನಡುವೆ ‘ಹಾಜರ್’ ಕೇಳಿಸಿತು. ಹನ್ನೆರಡೂ ಮುಗಿದು ಅತ್ತೆ ಪುಸ್ತಕ ಮುಚ್ಚುವುದರಲ್ಲಿದ್ದರು.

“ಮೇಡಂ, ಇನ್ನೂ ಒಂದು ಹೆಸರಿದೆ,” ಎಂದಳು ಹುಡುಗಿ. ಆಮೇಲೆ ಕಂಡಕ್ಟರನ ಕೂಗು, ಇಂಜಿನ್ನಿನ ಸದ್ದು, ಯಾರದೋ ಮಗುವಿನ ಅಳು, ಇಷ್ಟರ ನಡುವಿನಿಂದ, ನಾನು ಹಿಂದಿನ ದಿನ ಬರೆದುಕೊಟ್ಟಿದ್ದ ಅತ್ತೆಯ ಪೂರ್ತಿ ಹೆಸರನ್ನು, ತಂದೆಯ ಹೆಸರಿನ ಸಮೇತ, ಲೈನಿನಲ್ಲಿ ಕೂಗುವ ಹಾಗೆಯೇ ಕೂಗಿದಳು.

ಫೋನಿನಲ್ಲಿ ಉಳಿದ ಹನ್ನೊಂದು ಜನ ಕರೆ ಕಡಿಯದೆ ಕಾದರು. ಅತ್ತೆ ನನ್ನ ಮುಖ ನೋಡಿದರು, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ಮತ್ತೆ ಹಾಕಿಕೊಂಡರು.

“ಹಾಜರ್ ಕಣವ್ವ,” ಎಂದರು ಕೊನೆಗೆ, ಮೆಲ್ಲಗೆ.