ಕರಿದ ಎಣ್ಣೆಗೂ ಬೆಲೆ ಬಂತು

ಚಿಪ್ಸ್ ಅಂಗಡಿಯ ಯಜಮಾನರು ಅಂದು ಬೆಳಿಗ್ಗೆ ಪೇಪರ್ ಓದಿದ್ದೇ ಚಿಪ್ಸ್ ಕರಿಯುವ ಬಾಣಲೆಯವನ ಗ್ರಹಚಾರ. ಕರಿದು ಬಿಟ್ಟ ಎಣ್ಣೆಯಿಂದ ಬಯೋಡೀಸೆಲ್ ಮಾಡುತ್ತಾರಂತೆ, ಅದರಲ್ಲಿ ಲಾರಿ ಓಡುತ್ತದಂತೆ, ಎಣ್ಣೆ ಮಾರಿದ ಅಂಗಡಿಗಳಿಗೆ ಕೈತುಂಬ ಲಾಭವಂತೆ!

“ಸಂಜೆ ಎಣ್ಣೆ ಕೊಳ್ಳೋ ವ್ಯಾನು ಬರುತ್ತೆ. ಒಂದು ಡಬ್ಬ ಹಳೇ ಎಣ್ಣೆ ತೆಗೆದಿಡು,” ಎಂದರು.

“ನಮ್ಮಲ್ಲಿ ಉಳಿಯೋದೇ ಇಲ್ವಲ್ಲ ಸಾರ್. ಕಮ್ಮಿ ಆದ ಹಾಗೆ ಮೇಲೆ ಹೊಸದು ಸುರೀತೀವಿ. ಹಳೇದೆಲ್ಲ ಗಿರಾಕಿ ಹೊಟ್ಟೆಗೇ ಹೋಗುತ್ತೆ.”

“ಎದುರಂಗಡೀಲಿ ಉಳಿಯುತ್ತೆ, ನಮ್ಮಲ್ಲಿ ಯಾಕೆ ಉಳಿಯಲ್ಲ? ಆಗದಿದ್ರೆ ಹೇಳು, ಬೇರೆಯವರನ್ನ ನೋಡ್ಕೋತೀನಿ.”

ಬಾಣಲೆಯವನ ಹೆಂಡತಿ ತುಂಬು ಗರ್ಭಿಣಿ. ಈಗ ಕೆಲಸ ಹೋದರೆ ಬೀದಿಯೇ ಗತಿ.

“ಒಂದು ಚೊಂಬು ನೀರು ಬೆರೆಸು ಮಾರಾಯ, ಹೆಚ್ಚಾಗುತ್ತೆ,” ಎಂದ ಗಲ್ಲಾದವನು. ಪಾಪ, ಬಾಣಲೆಯವನು ನಂಬಿ ಸುರಿದ. ಕಾದ ಎಣ್ಣೆ ಭಗ್ಗೆಂದು ಎದ್ದು ಅವನ ಅರ್ಧ ಹುಬ್ಬನ್ನು ತೆಗೆದುಕೊಂಡು ಹೋಯಿತು.

ಆಮೇಲೆ ಖಾಲಿ ಡಬ್ಬ ಹಿಡಿದು ಭಿಕ್ಷೆಗೆ ಹೊರಟಂತೆ ಹೊರಟ. ಮಹಡಿ ಮನೆಯ ಅಜ್ಜಿ ಒಂದು ಸೌಟು ಎಣ್ಣೆ ಕೊಟ್ಟು ಹತ್ತು ಸೌಟು ಬುದ್ಧಿ ಹೇಳಿದಳು. ಅತ್ತಿಗೆ ಅರ್ಧ ಬಾಟಲಿ ಕೊಟ್ಟು ಸೋರುವ ನಲ್ಲಿ ರಿಪೇರಿ ಮಾಡಿಸಿಕೊಂಡಳು. ಡಬ್ಬದ ತಳ ಮಾತ್ರ ಮುಚ್ಚಿತ್ತು. ಕೊನೆಗೆ ಮಾನ ಬಿಟ್ಟು ಎದುರಂಗಡಿಯ ಹಿತ್ತಿಲ ಬಾಗಿಲು ತಟ್ಟಿದ. ಅಲ್ಲಿಯ ಅಡುಗೆಯವನು ಮರುಗಿ ಡಬ್ಬ ತುಂಬಿಸಿದ.

“ನಮ್ಮ ಯಜಮಾನ್ರಿಗೆ ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ. ಯಾರಿಗೂ ಹೇಳಲ್ಲ ಅಂತ ಹುಟ್ಟೋ ಮಗು ಮೇಲೆ ಆಣೆ ಮಾಡು.”

ಬಾಣಲೆಯವನು ಮಾಡಿದ.

ಸಂಜೆ ವ್ಯಾನಿನವನು ಎಣ್ಣೆ ಪರೀಕ್ಷಿಸಿ, “ಒಳ್ಳೇ ಮಾಲು ಸಾರ್! ಪ್ರತಿ ವಾರ ಬರ್ತೀನಿ,” ಎಂದು ಸ್ಥಳದಲ್ಲೇ ಹಣ ಕೊಟ್ಟು ಹೋದ. ಯಜಮಾನರ ಮುಖ ಊರಗಲವಾಯಿತು. ಬಾಣಲೆಯವನಿಗೆ ಹೋದ ಜೀವ ಬಂದಂತಾಯಿತು.

ಯಜಮಾನರು ನೋಟು ಜೇಬಿಗಿಟ್ಟು ಅವನತ್ತ ತಿರುಗಿದರು. ಮುಖದಲ್ಲಿ ನಗುವಿರಲಿಲ್ಲ.

“ಉಳಿಯೋದೇ ಇಲ್ಲ ಅಂದೆ. ಗದರಿಸಿದ ಕೂಡ್ಲೇ ಡಬ್ಬ ತುಂಬ ಉಳೀತು. ಹಾಗಾದ್ರೆ ಇಷ್ಟು ವರ್ಷ ಉಳಿದಿದ್ದನ್ನೆಲ್ಲ ಯಾರಿಗೆ ಮಾರ್ಕೊಂಡೆಯೋ, ಕಳ್ಳ?”

ಬಾಣಲೆಯವನು ಬಾಯಿ ತೆರೆದ. ಮಗುವಿನ ಮೇಲಿನ ಆಣೆ ನೆನಪಾಗಿ ಮುಚ್ಚಿದ.

“ನೋಡಿ ಸಾರ್, ಉತ್ತರಾನೇ ಇಲ್ಲ,” ಎಂದ ಗಲ್ಲಾದವನು.

ಯಜಮಾನರು ಅಲ್ಲೇ ಅವನ ಏಪ್ರನ್ ಬಿಚ್ಚಿಸಿಕೊಂಡು, ಬಾಗಿಲು ತೋರಿಸಿದರು.