ಉಪವಾಸದ ಕೊಕ್ಕರೆಯ ಫೋಟೊ

ಕೆರೆಯ ದಂಡೆಯಲ್ಲಿ ಹೆಂಗಸೊಬ್ಬಳು ಮೂರು ಕಾಲಿನ ಸ್ಟ್ಯಾಂಡ್ ಹೂಡಿ, ಒಂದು ಕಣ್ಣು ಮುಚ್ಚಿಕೊಂಡು ನಿಂತರೆ ಸಾಕು. ನಗುವ ಪ್ರಸಂಗಗಳು ತಾವಾಗಿಯೇ ನಡೆದು ಬರುತ್ತವೆ.

ಹಿರೇಹಡಗಲಿ ಕಡೆಯ ನಮ್ಮ ಕೆರೆಯ ನಡುವೆ ಬೂದು ಕೊಕ್ಕರೆಯೊಂದು ಒಂಟಿಕಾಲಿನ ಮೇಲೆ ನಿಂತಿರುತ್ತದೆ. ಅದು ತಪಸ್ಸಿಗೆ ನಿಂತಿದೆ, ಏನನ್ನೂ ತಿನ್ನುವುದಿಲ್ಲ ಎಂಬುದು ಊರಿನ ಮಾತು. ನಾನು ಓದಿದ್ದು ಪ್ರಾಣಿಶಾಸ್ತ್ರ.

"ತಿನ್ನದ ಹೆಂಗ ಬದುಕತೈತ್ರಿ, ಅತ್ತಿ?" ಎಂದೆ.

"ತಿಂದದ್ದು ತೋರಿಸು, ನಂಬ್ತೀನಿ," ಎಂದರು ಅತ್ತೆ.

ಆ ಒಂದು ಫೋಟೊಗಾಗಿ, ದೂರದ ಹಕ್ಕಿಯನ್ನು ಹತ್ತಿರ ತೋರಿಸುವ ಸ್ಪಾಟಿಂಗ್ ಸ್ಕೋಪ್ ತರಿಸಿದೆ.

ಗ್ರಹಣ

ಮೊದಲ ದಿನ ಮೊಬೈಲನ್ನು ಸ್ಕೋಪಿನ ಕಣ್ಣಿಗೆ ಕೈಯಲ್ಲೇ ಹಿಡಿದೆ. ಎರಡೂ ನೇರ ಕೂಡಲಿಲ್ಲ. ತೆಗೆದ ಇಪ್ಪತ್ತೇಳು ಫೋಟೊಗಳಲ್ಲೂ ದುಂಡನೆಯ ಕತ್ತಲು, ಅಂಚಿನಲ್ಲಿ ಬೆಳಕಿನ ಗೆರೆ.

ಅತ್ತೆ ಕನ್ನಡಕ ಏರಿಸಿ ನೋಡಿದರು. "ಕೊಕ್ಕರಿ ಅಂತ ಹೋಗಿ ಗ್ರಹಣ ಹಿಡಕೊಂಡು ಬಂದೀಯಲ್ಲವಾ. ಮದ್ಲ ಸ್ನಾನ ಮಾಡು, ಆಮ್ಯಾಲ ಅಡಗಿಮನಿಗೆ ಬಾ."

ಸರ್ವೇ

ಮೊಬೈಲ್ ಕೂರಿಸುವ ಹಿಡಿಕೆ ತರಿಸಿದೆ. ಗಾಳಿಗೆ ಅಲುಗದಿರಲೆಂದು ಸ್ಟ್ಯಾಂಡಿಗೆ ಉಳ್ಳಾಗಡ್ಡಿ ಚೀಲ ತೂಗುಹಾಕಿದೆ. ಬೈಕಿನಲ್ಲಿ ಹೊರಟಿದ್ದ ರೈತರೊಬ್ಬರು ನಿಲ್ಲಿಸಿದರು.

"ಮೇಡಂ, ರೋಡು ಯಾರ ಹೊಲದಾಗ ಹೋಗ್ತೈತ್ರಿ?"

"ರೋಡಲ್ಲರಿ, ಕೊಕ್ಕರಿ ಫೋಟೊ ತೆಗಿಯಾಕತ್ತೀನಿ."

"ಹಂಗ ಹೇಳ್ರಿ ಅಂತ ಆಫೀಸಿನಾಗ ಹೇಳಿ ಕಳಿಸ್ಯಾರ, ಬಿಡ್ರಿ. ನಮ್ಮ ಬೇವಿನ ಗಿಡ ಒಂದು ಉಳಿಸ್ರಿ."

ನಾನು ಕಡಿಯಲು ಹೊರಟೇ ಇರದ ಆ ಮರವನ್ನು ಉಳಿಸಿದ್ದಕ್ಕಾಗಿ ಸಂಜೆ ಮನೆಗೆ ಒಂದು ಬುಟ್ಟಿ ಬದನೆಕಾಯಿ ಬಂತು.

ಎರಡು ಸೆಕೆಂಡು

ಪರದೆಯನ್ನು ಬೆರಳು ಮುಟ್ಟಿದರೂ ಚಿತ್ರ ನಡುಗುತ್ತಿತ್ತು. ಒತ್ತಿದ ಎರಡು ಸೆಕೆಂಡಿನ ನಂತರ ತಾನೇ ಫೋಟೊ ತೆಗೆಯುವಂತೆ ಹೊಂದಿಸಿದೆ. ಕೊಕ್ಕರೆ ಮೀನು ಹಿಡಿಯಿತು, ನಾನು ಒತ್ತಿದೆ; ಎರಡು ಸೆಕೆಂಡಿನಲ್ಲಿ ಅದು ನುಂಗಿಯೂ ಮುಗಿಸಿತ್ತು. ಫೋಟೊದಲ್ಲಿ ಉಳಿದದ್ದು ಉಬ್ಬಿದ ಕತ್ತು ಮಾತ್ರ.

"ಪಾಪ, ಉಪವಾಸ ಮಾಡಿ ಮಾಡಿ ಗಂಟಲು ಬಾತೈತಿ," ಎಂದರು ಅತ್ತೆ.

ಸಾಕ್ಷಿ

ಕೊನೆಗೆ ಮೊದಲೇ ವಿಡಿಯೊ ಓಡಲು ಬಿಟ್ಟು, ಅದರಿಂದ ಒಂದು ಚಿತ್ರ ಆಯ್ದೆ. ಕೊಕ್ಕಿನಲ್ಲಿ ಅಡ್ಡಲಾಗಿ ಮೀನು. ಅದರ ಹುರುಪೆ ಎಣಿಸುವಷ್ಟು ಸ್ಪಷ್ಟ. ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಬಹಳ ಹೊತ್ತು ನೋಡಿದರು. ಊರಿನ ಕಥೆಯೊಂದು ನನ್ನ ಕೈಯಿಂದಲೇ ಮುಗಿಯಿತಲ್ಲ ಎಂದು ಕೊಂಚ ಬೇಸರವೂ ಆಯಿತು.

"ಖರೇ ಐತಿ. ತಿನ್ನಾಕತ್ತೈತಿ," ಎಂದರು.

ನಾನು ಉಸಿರು ಬಿಟ್ಟೆ.

"ನಿನ್ನಿ ಸೋಮವಾರ ಅಲ್ಲೇನು? ಇವತ್ತು ಉಪವಾಸ ಬಿಟ್ಟೈತಿ."

"ಉಪವಾಸ ಬಿಡಾಕ ಮೀನೇನ್ರಿ, ಅತ್ತಿ?"

ಅತ್ತೆ ಮತ್ತೆ ರೊಟ್ಟಿಗೆ ಕೈ ಹಚ್ಚಿದರು. "ಅದು ಅವರ ಮನಿ ಪದ್ಧತಿ. ನಾವ್ಯಾಕ ಕೇಳಬೇಕು?"